ಗುಳಿಗೆ ಅಕ್ಕ ಹಲ್ಲು ಜೋಡಿಸಲು ಕಲಿತದ್ದು

ಹೊಸಬಳು ಬಂದ ದಿನ ಮಾಸ್ಟರು ತಲೆ ಎತ್ತಿಯೂ ನೋಡಲಿಲ್ಲ. ಹಲ್ಲಿನ ಸೆಟ್ಟು ತಯಾರಿಸುವ ಆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಮೇಜು ಅವರದು. ಅದರ ಮೇಲೆ ಆರು ಜನರ ಬಾಯಿಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿದ್ದವು. ಸಂಜೆಯೊಳಗೆ ಆರಕ್ಕೂ ಮೇಣದ ಒಸಡು ಮಾಡಿ ಹಲ್ಲು ಕೂರಿಸಬೇಕಿತ್ತು.

"ಮಾಸ್ಟ್ರೇ, ಇವರು ಕೆಲಸ ಕಲಿಯೋಕೆ ಬಂದಿದಾರೆ," ಎಂದರು ಲ್ಯಾಬಿನ ಒಡತಿ ಮೇಡಂ.

"ಕೂತ್ಕೊಳ್ಳಮ್ಮ," ಎಂದರು ಮಾಸ್ಟರು, ಎಲ್ಲಿ ಎಂದು ಹೇಳದೆ.

ಒಂಬತ್ತು ವರ್ಷದಲ್ಲಿ ಈಕೆ ಹನ್ನೆರಡನೆಯವಳು. ಹಿಂದಿನವರಲ್ಲಿ ನಾಲ್ವರು ಕೈಗೆ ಕೆಲಸ ಹತ್ತುತ್ತಿದ್ದಂತೆ ಬೇರೆ ಲ್ಯಾಬಿಗೆ ಹಾರಿದರು. ಒಬ್ಬಳಿಗೆ ಪ್ಲಾಸ್ಟರ್ ಧೂಳು ಆಗಿಬರಲಿಲ್ಲ. ಒಬ್ಬ ಮದುವೆಯಾಗಿ ಮಾವನ ಅಂಗಡಿಯ ಗಲ್ಲಾ ಮೇಲೆ ಕೂತ. ಇನ್ನೊಬ್ಬ ಮಧ್ಯಾಹ್ನ ಊಟಕ್ಕೆಂದು ಹೋದವನು ಇವತ್ತಿಗೂ ಊಟ ಮುಗಿಸಿ ಬಂದಿಲ್ಲ. ಪ್ರತಿಯೊಬ್ಬರಿಗೂ ಮೊದಲಕ್ಷರದಿಂದ ಹೇಳಿಕೊಟ್ಟು ಮಾಸ್ಟರ ಬಾಯಿ ಸೋತಿತ್ತು. ಐದಾರು ಜನರ ನಂತರ ಹೊಸಬರ ಹೆಸರು ಕೇಳುವುದನ್ನೂ ಬಿಟ್ಟಿದ್ದರು.

ಈಕೆಗೆ ನಲವತ್ತೊಂದು ವಯಸ್ಸು. ಔಷಧಿ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಗುಳಿಗೆ ಪ್ಯಾಕ್ ಮಾಡಿದ್ದಳು. ಕಾರ್ಖಾನೆ ಮುಚ್ಚಿತು. ಇದನ್ನು ಕೇಳಿ, ಲ್ಯಾಬಿನಲ್ಲಿ ಸೆಟ್ಟುಗಳಿಗೆ ಪಾಲಿಶ್ ಮಾಡುವವನು ಎರಡನೇ ದಿನವೇ ಆಕೆಗೆ 'ಗುಳಿಗೆ ಅಕ್ಕ' ಎಂದು ನಾಮಕರಣ ಮಾಡಿದ. ಆಕೆ ನಕ್ಕು ಓಗೊಟ್ಟಳು.

ಎರಡು ತಿಂಗಳು ಮಾಸ್ಟರು ಆಕೆಯಿಂದ ಪ್ಲಾಸ್ಟರ್ ಕಲಸುವುದು, ಕ್ಲಿನಿಕ್ಕುಗಳಿಂದ ಬಂದ ಬಾಯಿಯ ಅಳತೆ ಅಚ್ಚುಗಳಿಗೆ ಅದನ್ನು ಸುರಿಯುವುದು, ಒಣಗಿದ ಮೇಲೆ ಅಂಚು ಉಜ್ಜುವುದು ಇಷ್ಟನ್ನೇ ಮಾಡಿಸಿದರು. ಆಕೆ ಗುಳ್ಳೆ ಏಳದಂತೆ ಸುರಿಯಲು ಕಲಿತಳು. ಮುಂದಿನದ್ದನ್ನು ಕೇಳಿದಾಗಲೆಲ್ಲ "ಸಂಜೆ ನೋಡೋಣ" ಎಂಬ ಉತ್ತರ ಬರುತ್ತಿತ್ತು. ಸಂಜೆಗೆ ಮಾಸ್ಟರ ಸೊಂಟ ಹಿಡಿದುಕೊಂಡಿರುತ್ತಿತ್ತು, ಕಣ್ಣು ಉರಿಯುತ್ತಿರುತ್ತಿತ್ತು, "ನಾಳೆ ನೋಡೋಣ" ಎನ್ನುತ್ತಿದ್ದರು.

ಒಂದು ಸಂಜೆ ಮೇಡಂ ಬಂದು, "ಇವರಿಗೆ ಹಲ್ಲು ಕೂರಿಸೋದು ಶುರು ಮಾಡಿಸಿದ್ರಾ?" ಎಂದು ಕೇಳಿಹೋದರು. ಬೇರೆ ದಾರಿಯಿಲ್ಲದೆ ಮಾಸ್ಟರು ಆಕೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೇಣ ಕಾಯಿಸಿ, ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಇಟ್ಟು ತೋರಿಸಿದರು. ಮಾತು ಯಾರದೋ ಪಾಠ ಒಪ್ಪಿಸುವಂತೆ ಬರುತ್ತಿತ್ತು. ಐದು ನಿಮಿಷವಾದ ಮೇಲೆ ಆಕೆ ಮೆಲ್ಲಗೆ ಕೇಳಿದಳು:

"ಮಾಸ್ಟ್ರೇ, ಈ ಕೋರೆಹಲ್ಲು ಆ ಕಡೇದಲ್ವಾ?"

ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಎಡಗಡೆಯ ಕೋರೆಹಲ್ಲು ಬಲಗಡೆ ಕೂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆಗದಿದ್ದದ್ದು.

"ಎಲ್ಲಾ ಗೊತ್ತಿದ್ರೆ ನನ್ಯಾಕಮ್ಮ ಕೇಳ್ತೀಯ?" ಎಂದು ಮೇಣ ಕೆರೆಯುವ ಚಾಕುವನ್ನು ಮೇಜಿಗೆ ಕುಕ್ಕಿಬಿಟ್ಟರು. ಪಾಲಿಶಿನವನು ಯಂತ್ರ ನಿಲ್ಲಿಸಿ ಇತ್ತ ನೋಡಿದ.

ಆಕೆ ಎದ್ದು ಹೋಗಲಿಲ್ಲ. "ನಿಮ್ಮ ತಪ್ಪು ಹಿಡಿಯೋಕೆ ಕೇಳಿಲ್ಲ. ಈ ಹೊತ್ತಿಗೆ ನಿಮಗೆ ಸಾಕುಸಾಕಾಗಿರುತ್ತೆ. ಬೆಳಗ್ಗೆ ಹೇಳ್ಕೊಡೋಕೆ ಆಗಲ್ವಾ?"

"ಬೆಳಗ್ಗೆ ನನ್ನ ಸೆಟ್ಟುಗಳನ್ನ ಯಾರು ಮಾಡ್ತಾರೆ?"

"ಅಂದ್ರೆ, ಕಲಿಸೋಕೆ ಅಂತ ನಿಮಗೆ ಬೇರೆ ಟೈಮೇ ಇಲ್ವಾ? ಮೇಡಂಗೆ ಇದು ಗೊತ್ತಾ?"

ಹನ್ನೊಂದು ಜನ ಬಂದುಹೋದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾಸ್ಟರೂ ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ.

ಮನೆಯಲ್ಲಿ ಹೆಂಡತಿಯ ಮುಂದೆ ಕೋರೆಹಲ್ಲಿನ ಸುದ್ದಿ ಎತ್ತಲಿಲ್ಲ. ಮೇಡಂ ಹತ್ತಿರ ಹೋಗುವುದೋ ಬೇಡವೋ ಎಂದು ಎರಡು ದಿನ ಹಿಂದೆಮುಂದೆ ನೋಡಿದರು. ಮೂರನೇ ದಿನ ಬಾಗಿಲು ತಟ್ಟಿದರು.

"ಕೆಲಸ ಬಿಡ್ತೀನಿ ಅಂತ ಮಾತ್ರ ಹೇಳಬೇಡಿ," ಎಂದರು ಮೇಡಂ. ಅವರ ಮುಖವೂ ಬಾಡಿತ್ತು. ಮೇಜಿನ ಮೇಲೆ ತಡವಾದ ಸೆಟ್ಟುಗಳ ಪಟ್ಟಿ ಬಿದ್ದಿತ್ತು.

"ಬಿಡಲ್ಲ. ಆದ್ರೆ ದಿನಕ್ಕೆ ಆರು ಸೆಟ್ಟೂ ಮಾಡು, ಕಲಿಸೂ ಕಲಿಸು ಅಂದ್ರೆ ನನ್ನ ಕೈಲಾಗಲ್ಲ. ಆಗುತ್ತೆ ಅನ್ಕೊಂಡಿದ್ದೆ. ಬಂದೋರೆಲ್ಲ ಬಿಟ್ಟುಹೋಗಿದ್ದಕ್ಕೆ ಇದೂ ಒಂದು ಕಾರಣ ಇರಬಹುದು."

"ಇಷ್ಟು ವರ್ಷ ನೀವು ಹೇಳ್ಲೇ ಇಲ್ವಲ್ಲ, ಮಾಸ್ಟ್ರೇ."

"ನೀವೂ ಕೇಳ್ಲಿಲ್ಲ."

ಮೇಡಂ ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು ಲೆಕ್ಕ ಹಾಕಿದರು. ಕೊನೆಗೆ, ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಹನ್ನೊಂದರವರೆಗೆ ಮಾಸ್ಟರಿಗೆ ಕಲಿಸುವುದೊಂದೇ ಕೆಲಸ, ಆ ಎರಡು ದಿನ ಆರರ ಬದಲು ನಾಲ್ಕೇ ಸೆಟ್ಟು ಎಂದು ಒಪ್ಪಿದರು. ಕ್ಲಿನಿಕ್ಕುಗಳಿಗೆ ತಾವೇ ಫೋನ್ ಮಾಡಿ ಸಬೂಬು ಹೇಳಿದರು.

ಅದರಿಂದ ಎಲ್ಲವೂ ಹೂವಿನಂತೆ ಹಗುರಾಗಲಿಲ್ಲ. ತಡವಾಯಿತೆಂದು ಇಬ್ಬರು ಡಾಕ್ಟರು ರೇಗಿದರು. "ನಮಗೆ ಯಾವನೂ ರಜೆ ಕೊಡ್ಲಿಲ್ಲ," ಎಂದು ಪಾಲಿಶಿನವನು ಗೊಣಗಿದ. ಗುಳಿಗೆ ಅಕ್ಕನ ಕೈ ನಿಧಾನ. ಮೇಣ ಆರಿಹೋಗುತ್ತಿತ್ತು, ಇಟ್ಟ ಹಲ್ಲು ವಾಲುತ್ತಿತ್ತು, ಮತ್ತೆ ಕಾಯಿಸಬೇಕಾಗುತ್ತಿತ್ತು. ಕೈ ಚಾಚಿ ಕಿತ್ತುಕೊಂಡು ತಾವೇ ಎರಡು ನಿಮಿಷದಲ್ಲಿ ಮುಗಿಸಿಬಿಡೋಣ ಎಂದು ಮಾಸ್ಟರ ಬೆರಳು ತುಡಿಯುತ್ತಿದ್ದವು. ಅವನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದರು. ಆರು ಸೆಟ್ಟು ಮಾಡುವುದಕ್ಕಿಂತ ಇದೇ ಹೆಚ್ಚಿನ ದಣಿವು ಎಂದು ಅವರಿಗೆ ಎಷ್ಟೋ ಸಲ ಅನ್ನಿಸಿತು.

ಐದನೇ ತಿಂಗಳು ಆಕೆ ಪೂರ್ತಿಯಾಗಿ ಮಾಡಿದ ಮೊದಲ ಸೆಟ್ಟು ಒಂದೇ ವಾರದಲ್ಲಿ ವಾಪಸು ಬಂತು. ಹಾಕಿಕೊಂಡ ಯಜಮಾನರು ಬಾಯಿ ತೆರೆದರೆ ಸೀಟಿ ಹೊಡೆದಂತೆ ಕೇಳುತ್ತದಂತೆ, ಮೊಮ್ಮಕ್ಕಳು ಬೇಕೆಂದೇ ಮಾತಾಡಿಸುತ್ತಾರಂತೆ. ಪಾಲಿಶಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಕೆಯ ಮುಖ ಸಣ್ಣದಾಯಿತು.

"ನನಗಿದು ಒಗ್ಗಲ್ಲ ಅನ್ಸುತ್ತೆ, ಮಾಸ್ಟ್ರೇ."

"ನನ್ನ ಮೊದಲನೇ ಸೆಟ್ಟು ಹಾಕ್ಕೊಂಡೋರಿಗೆ ಬಾಯೇ ಮುಚ್ಚೋಕಾಗ್ಲಿಲ್ಲ," ಎಂದರು ಮಾಸ್ಟರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. "ಮುಂದಿನ ಹಲ್ಲಿನ ಹಿಂದೆ ಗಾಳಿಗೆ ದಾರಿ ಬಿಟ್ಟಿದೀಯ, ಅಷ್ಟೇ. ಆ ಹಲ್ಲುಗಳನ್ನ ಬಿಚ್ಚಿ ಮತ್ತೆ ಕೂರಿಸು. ನಾನು ಇಲ್ಲೇ ಕೂತಿರ್ತೀನಿ."

ಆಕೆ ಬಿಚ್ಚಿ ಮತ್ತೆ ಕೂರಿಸಿದಳು. ಎರಡನೆಯ ಸಲ ಹೋದ ಸೆಟ್ಟು ವಾಪಸು ಬರಲಿಲ್ಲ. ಅದರ ನಂತರದ್ದೂ ಬರಲಿಲ್ಲ. ವರ್ಷ ತುಂಬುವಷ್ಟರಲ್ಲಿ ದಿನಕ್ಕೆ ಮೂರು ಸೆಟ್ಟು ಆಕೆಯ ಕೈಯಿಂದಲೇ ಹೋಗುತ್ತಿದ್ದವು. ಮಾಸ್ಟರು ಬೆಳಕಿರುವಾಗಲೇ ಮನೆ ಸೇರತೊಡಗಿದರು.

ಹದಿನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಆಕೆ ಸ್ಟೂಲು ಹತ್ತಿರಕ್ಕೆಳೆದುಕೊಂಡಳು. ಅತ್ತೆ ಹಾಸಿಗೆ ಹಿಡಿದಿದ್ದರು. ಮನೆಯಿಂದ ನಾಲ್ಕು ಹೆಜ್ಜೆಯಲ್ಲಿರುವ ಲ್ಯಾಬೊಂದು ಆಕೆಯನ್ನು ಕರೆದಿತ್ತು, ಅಲ್ಲಿಗೆ ಹೋಗುತ್ತೇನೆಂದಳು.

ಮಾಸ್ಟರು ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟರು. "ಯಾವತ್ತಿಂದ?" ಎಂದಷ್ಟೇ ಕೇಳಿದರು.

"ಎರಡು ತಿಂಗಳು ಟೈಮ್ ಕೇಳಿದೀನಿ. ಅಷ್ಟರಲ್ಲಿ ಇನ್ನೊಬ್ಬರನ್ನ ತಗೊಳ್ಳಿ ಅಂತ ಮೇಡಂಗೂ ಹೇಳಿದೀನಿ. ಪ್ಲಾಸ್ಟರ್ ಕೆಲಸ ಎಲ್ಲಾ ನಾನೇ ಹೇಳ್ಕೊಟ್ಟು ಹೋಗ್ತೀನಿ."

ಹಿಂದಿನ ಹನ್ನೊಂದು ಜನರಲ್ಲಿ ಹೋಗುತ್ತೇನೆಂದು ಮುಂಚೆಯೇ ಹೇಳಿದವರು ಒಬ್ಬರೂ ಇರಲಿಲ್ಲ. ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿಯೂ ಮಾಸ್ಟರಲ್ಲಿ ಉಳಿದಿರಲಿಲ್ಲ. "ಅತ್ತೆನ ನೋಡ್ಕೊಮ್ಮ," ಎಂದು ಕೆಲಸಕ್ಕೆ ಬಾಗಿದರು.

ಹದಿಮೂರನೆಯವಳು ಬಂದಳು. ಮಾತು ಕಮ್ಮಿ, ಕೈ ಚುರುಕು. ಗುಳಿಗೆ ಅಕ್ಕ ಆರು ವಾರ ಅವಳ ಬೆನ್ನಿಗೆ ನಿಂತು ಕಲಿಸಿದಳು. ಕೊನೆಯ ದಿನ ಪಾಲಿಶಿನವನಿಗೆ, "ಇವಳಿಗೆ ಅಡ್ಡಹೆಸರು ಇಡಬೇಡಪ್ಪ," ಎಂದು ಹೇಳಿ, ಮಾಸ್ಟರಿಗೆ ಕೈಮುಗಿದು ಹೊರಟಳು. ಕಿಟಕಿಯಿಂದ ಆಕೆ ರಸ್ತೆ ದಾಟುವುದು ಕಾಣಿಸಿತು. ತಿರುವಿನಲ್ಲಿ ಮರೆಯಾಗುವವರೆಗೆ ಮಾಸ್ಟರು ನೋಡಿದರು.

ಮರುದಿನ ಮಂಗಳವಾರ. ಅವರ ಸೊಂಟ ಎಂದಿನಂತೆ ನೋಯುತ್ತಿತ್ತು. ಹೊಸ ಹುಡುಗಿ ಮೇಣ ಕಾಯಿಸುವ ದೀಪ ಹಚ್ಚಿಟ್ಟು ಕಾಯುತ್ತಿದ್ದಳು. ಮಾಸ್ಟರು ಕೈ ತೊಳೆದು ಬಂದು, ಅವಳ ಪಕ್ಕ ನಿಧಾನವಾಗಿ ಕೂತು, "ನಿನ್ನ ಹೆಸರೇನಮ್ಮ?" ಎಂದು ಕೇಳಿದರು.