ಡಾಕ್ಟರಮ್ಮನ ಬಿಕ್ಕಳಿಕೆ

ಲಿವರ್ ವಾರ್ಡಿನ ಡಾಕ್ಟರಮ್ಮ ಹುಟ್ಟಿದಾಗಿನಿಂದ ಒಂದು ತೊಟ್ಟು ಮದ್ಯ ಮುಟ್ಟಿದವಳಲ್ಲ. ಆದರೂ ಆರೋಗ್ಯ ಸಮಿತಿಯ ಮುಂದೆ ಎದ್ದು ನಿಂತು, "ಮಾನ್ಯ ಅಧ್ಯಕ್ಷರೇ, ಮದ್ಯಕ್ಕೊಂದು ಕನಿಷ್ಠ ಬೆಲೆ..." ಎನ್ನುತ್ತಲೇ "ಹಿಕ್!" ಎಂದಳು.

ಅಧ್ಯಕ್ಷರು ಕನ್ನಡಕ ಇಳಿಸಿದರು. "ಬೆಳಗ್ಗೆ ಬೆಳಗ್ಗೇನೇ ಶುರುವಾ, ಡಾಕ್ಟ್ರೇ?"

"ಇಲ್ಲ ಸಾರ್, ಹಿಕ್! ಹೆದರಿಕೆಗೆ ಬರೀ ಸೋಡಾ ಕುಡಿದೆ."

"ಎಲ್ರೂ ಹೇಳೋದು ಹಾಗೇ."

ಸಭೆ ಗೊಳ್ಳೆಂದಿತು. ಭೂಮಿ ಬಾಯಿಬಿಟ್ಟರೆ ಇಳಿದೇಬಿಡೋಣ ಅನ್ನಿಸಿತು ಅವಳಿಗೆ. ಸಾಲದ್ದಕ್ಕೆ, ವಿರೋಧ ಹೇಳಲೆಂದು ಎದುರಿಗೆ ಕೂತಿದ್ದವರು ಅವಳ ಅಕ್ಕನ ಗಂಡನೇ; ಸಣ್ಣದೊಂದು ಮದ್ಯದಂಗಡಿಯ ಮಾಲೀಕ. ಹಿಂದಿನ ದಿನ ಊಟಕ್ಕೆ ಕೂತಲ್ಲೇ ಇಬ್ಬರೂ ಹಾವು ಮುಂಗುಸಿಯಂತೆ ಕಾದಾಡಿ, ಅಕ್ಕ ಸೌಟು ಎತ್ತಿದ ಮೇಲಷ್ಟೇ ತಣ್ಣಗಾಗಿದ್ದರು.

ಆದರೆ ಕರುಳು ಕೇಳಬೇಕಲ್ಲ! ಭಾವ ನೀರಿನ ಲೋಟ ಹಿಡಿದು ಎದ್ದು ಬಂದರು, ದಬದಬನೆ ಬೆನ್ನು ತಟ್ಟಿದರು. "ಉಸಿರು ಹಿಡ್ಕೋ. ಹೂಂ, ಈಗ ಹೇಳು. ಮನೆ ಮಾನ ಕಳೀಬೇಡ."

ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳಿದಳು: "ನನ್ನ ವಾರ್ಡಿಗೆ ಬರೋರು ಅಗ್ಗದ್ದನ್ನೇ ಹುಡುಕಿ ಕುಡಿಯೋರು. ನೀರಿಗಿಂತ ಅಗ್ಗಕ್ಕೆ ಸಿಕ್ರೆ ಬಿಡ್ತಾರಾ? ಇದು ತೆರಿಗೆ ಅಲ್ಲ ಸಾರ್. ಗೊತ್ತು ಮಾಡಿದ ಬೆಲೆಗಿಂತ ಕಡಿಮೆಗೆ ಯಾರೂ ಮಾರಬಾರದು, ಅಷ್ಟೇ."

ಬೆನ್ನು ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು. "ಯಾರೂ ಅಂದ್ರೆ? ನನ್ನೆದುರಿನ ಆ ದೊಡ್ಡ ಅಂಗಡಿಯೋನೂ?"

"ಅವನೂ."

"ನಷ್ಟಕ್ಕೆ ಮಾರಿ ನನ್ನ ಗಿರಾಕಿಗಳನ್ನ ಎಳ್ಕೊಳ್ಳೋ ಹಾಗಿಲ್ವಾ?"

"ಇಲ್ಲ ಭಾವ. ನಿನ್ನೆ ಅದನ್ನೇ ಹೇಳೋಕೆ ಹೊರಟೆ, ನೀವು ಬಾಯಿ ತೆಗೆಯೋಕೂ ಬಿಡಲಿಲ್ಲ."

ಭಾವ ಕಾಲರ್ ಸರಿಮಾಡಿಕೊಂಡು ಅಧ್ಯಕ್ಷರತ್ತ ತಿರುಗಿದರು. "ಸ್ವಾಮೀ, ನನ್ನ ವಿರೋಧ ವಾಪಸ್. ಕುಡಿದು ನನ್ನ ಮೆಟ್ಟಿಲ ಮೇಲೆ ಬಿದ್ದೋರನ್ನ ಎತ್ತಿ ಎತ್ತಿ ನನ್ನ ಸೊಂಟಾನೂ ಬಿದ್ದು ಹೋಗಿದೆ!"

ಅಧ್ಯಕ್ಷರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸದಸ್ಯರ ಕೈಗಳು ಒಂದರ ಹಿಂದೊಂದು ಮೇಲೆದ್ದವು; ಸರ್ಕಾರಕ್ಕೆ ಶಿಫಾರಸು ಮಾಡುವುದೆಂದು ತೀರ್ಮಾನವಾಯಿತು.

ಹೊರಗೆ ಬಂದದ್ದೇ ತಡ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿರುವಾಗ ಅಕ್ಕನ ಫೋನು ಬಂತು. "ಯಾರು ಸೋತ್ರಿ?"

"ಎದುರಂಗಡಿಯೋನು ಕಣೇ!" ಎಂದು ಭಾವ ಕೂಗಿದ ರಭಸಕ್ಕೆ ಪಾರಿವಾಳಗಳೆಲ್ಲ ಬುರ್ರನೆ ಹಾರಿದವು. ಡಾಕ್ಟರಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ಎರಡೆರಡು ಮೆಟ್ಟಿಲು ಹಾರುತ್ತ ಬೀದಿಗಿಳಿದಳು.