ಮಂಡಿಗೆ ಕಟ್ಟಿದ ಪಟ್ಟಿ

ಅತ್ತಿಗೆ ನನ್ನ ಎರಡೂ ಮಂಡಿ ಸೇರಿಸಿ ರಬ್ಬರ್ ಪಟ್ಟಿ ಹಾಕಿದಾಗ ಜೀವ ಬಾಯಿಗೆ ಬಂತು. ಎಳೆದ್ರೆ ಗೇಣಗಲ ಹಿಗ್ಗೋ ಪಟ್ಟಿ, ಅಷ್ಟೇ. "ಮುಳುಗಿಸೋಕೆ ಕಟ್ತಾ ಇದ್ದೀರಾ?" ಅಂದೆ.

"ನೀನು ಮಂಡಿನ ಬಾಗಿಲು ತೆಗೆದ ಹಾಗೆ ಅಗಲಿಸ್ತೀಯ, ಒದ್ದಿದ್ದೆಲ್ಲ ದಂಡ. ಹಿಮ್ಮಡಿ ಎಳ್ಕೋ, ಪಾದ ಹೊರಗೆ ತಿರುಗಿಸು, ಒದ್ದು ಕಾಲು ಕೂಡಿಸು, ಆಮೇಲೆ ಸುಮ್ನೆ ಜಾರು. ಅಷ್ಟೇ ಕಣೇ."

ಅಷ್ಟೇ ಅಂತೆ! ಹೇಳೋರಿಗೇನು. ಅತ್ತಿಗೆ ಈ ಈಜುಕೊಳದಲ್ಲಿ ಕಲಿಸೋರು. ನಾನು ಪಕ್ಕದ ಶಿಶುವಿಹಾರದ ಆಯಾ. ಮಕ್ಕಳನ್ನ ಕೊಳಕ್ಕೆ ಕರ್ಕೊಂಡು ಬರೋ ಆಯಾಗಳು ಕಪ್ಪೆ ಈಜಲ್ಲಿ ಆಳದ ಕಡೆ ದಾಟಿ ತೋರಿಸ್ಬೇಕು ಅಂತ ನಮ್ಮ ಶಿಶುವಿಹಾರದ ಹೊಸ ಮೇಡಂ ಹುಕುಂ. ದಾಟದಿದ್ರೆ ನನ್ನ ಅನ್ನಕ್ಕೆ ಕಲ್ಲು. ಪರೀಕ್ಷೆ ಮಾರನೇ ದಿನವೇ ಇತ್ತು.

ಆಳ ಅಂದ್ರೆ ನನಗೆ ಭಯ. ತಳದ ಟೈಲ್ಸು ಕಪ್ಪಾಗೋ ಜಾಗ ಬಂದ ತಕ್ಷಣ ಮಂಡಿ ತಾನಾಗೇ ಅಗಲ ಆಗುತ್ತೆ, ಮುಳುಗ್ತೀನಿ. ಅದಕ್ಕೇ ಹಟ ಹಿಡಿದಿದ್ದೆ, ಅತ್ತಿಗೆ ಇವತ್ತೂ ನಾಳೆನೂ ನನ್ನ ಜೊತೆ ನೀರಲ್ಲೇ ಇರಬೇಕು ಅಂತ. ಅವರ ಮೀನಖಂಡ ಆಗಾಗ ಹಿಡ್ಕೋತಿತ್ತು. "ಇವತ್ತು ದಡದಿಂದ ನೋಡ್ತೀನಿ ಕಣೇ" ಅಂತ ಅಂಗಲಾಚಿದ್ರು. ನಾನು ಬಿಡಲಿಲ್ಲ, ಎರಡೂ ದಿನಕ್ಕೆ ಮಾತು ತಗೊಂಡೆ.

ಮಧ್ಯಾಹ್ನದ ಬಿಡುವು, ಕೊಳದಲ್ಲಿ ನಾವಿಬ್ಬರೇ. ಒದ್ದಾಡ್ಕೊಂಡು ಹೇಗೋ ಆಳದ ಕಡೆ ಗೋಡೆ ಹಿಡಿದು, ಉಸ್ಸಪ್ಪಾ ಅಂತ ತಿರುಗಿದೆ. ಕೊಳದ ನಡುವೆ ಅತ್ತಿಗೆ ಮುಖ ಬಿಳುಚಿತ್ತು. "ಕಾಲು..." ಅಂದ್ರು, ನೀರು ಕುಡಿದ್ರು, ತಲೆ ಒಳಗೆ ಹೋಯ್ತು.

ಅಯ್ಯೋ ದೇವರೇ! ಗಂಟಲು ಹರಿಯೋ ಹಾಗೆ ಕೂಗಿದೆ. ಯಾರೂ ಬರಲಿಲ್ಲ. ಗೋಡೆ ಬಿಡೋಕೆ ಬೆರಳು ಒಪ್ಪಲಿಲ್ಲ. ನಾನೇ ಇಳಿಸಿದ್ದು ಅವರನ್ನ, ನಾನೇ, ಅಂತ ಒಂದೇ ಸಮ ತಲೆಯಲ್ಲಿ. ಬಿಟ್ಟೆ. ಕೈಗೆ ಕೂದಲು ಸಿಕ್ತು. ಮೇಲೆಳೆದು, ಗಲ್ಲದ ಕೆಳಗೆ ಕೈ ಕೊಟ್ಟು, ಅಂಗಾತ ಬಿದ್ದು ಒದ್ದೆ. ಕೂಡಿಸಿದೆ, ಮತ್ತೆ ಒದ್ದೆ. ತಲೆಗೆ ಗೋಡೆ ತಾಗೋವರೆಗೂ ಕಣ್ಣು ಬಿಡಲಿಲ್ಲ.

ದಡದಲ್ಲಿ ಅತ್ತಿಗೆ ಕೆಮ್ಮಿ ಕೆಮ್ಮಿ ನೀರು ಕಾರಿದ್ರು. ಬದುಕಿದ್ರು. ಆಗ ನನ್ನ ಕಾಲು ನೋಡ್ಕೊಂಡೆ. ಪಟ್ಟಿ ಹಾಗೇ ಇತ್ತು. ಕಟ್ಟಿದ ಕಾಲಲ್ಲೇ ಹೋಗಿದ್ದೆ! ಎಷ್ಟು ಎಳೆದ್ರೂ ಪಟ್ಟಿ ತೆಗೆಯೋಕೆ ನನ್ನಿಂದ ಆಗಲಿಲ್ಲ, ಅವರೇ ತೆಗೆದ್ರು.

"ಒದ್ದಿದ್ದು ಸರಿಯಾಗಿತ್ತು ಕಣೇ," ಅಂದ್ರು.

"ಸುಮ್ನಿರಿ ನೀವು!" ಅಂತ ತಬ್ಕೊಂಡು ಗೊಳೋ ಅಂತ ಅತ್ತೆ.

ಮಾರನೇ ದಿನ ಮೇಡಂ ಎದುರಿಗೇ ಅತ್ತಿಗೆ ಕುಂಟ್ತಾ ಬಂದು, ಕೊಟ್ಟ ಮಾತಿನಂತೆ ಏಣಿಗೆ ಕಾಲಿಟ್ರು. ನನಗೆ ಧೈರ್ಯ ಬಂದಿತ್ತು ಅಂದ್ಕೋಬೇಡಿ, ಹಿಂದಿನ ದಿನಕ್ಕಿಂತ ಜಾಸ್ತಿ ಹೆದರಿದ್ದೆ. ಅವರ ರಟ್ಟೆ ಹಿಡಿದು ಮೇಲಕ್ಕೆಳೆದೆ. ಬೆಂಚಿನ ಮೇಲೆ ಕೂರಿಸಿ, ನನ್ನ ಟವೆಲ್ ಅವರ ತೊಡೆ ಮೇಲೆ ಹಾಕಿದೆ.

"ಏನೇ ಆದ್ರೂ ಏಳಬಾರದು," ಅಂದು ಒಬ್ಬಳೇ ನೀರಿಗಿಳಿದೆ.