ಬಲಕ್ಕೆ ಬಿಟ್ಟ ಜಾಗ

“ಗದ್ದ ಸ್ವಲ್ಪ ಎತ್ತಿ ಹಿಡೀರಿ. ಹಾಂ, ಅಷ್ಟೇ. ಹಿಂದಿನ ಹಗ್ಗ ಕಾಣಬಾರ್ದು, ಶಾಲು ಮ್ಯಾಲೆ ಎಳೀರಿ,” ಎಂದ ಬಸವಕುಮಾರ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಭೀಮಾಶಂಕರ ಸತ್ತ ಅಣ್ಣನ ಗದ್ದದ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಜಗದೇವಪ್ಪನ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಸತ್ತವರನ್ನು ಹೀಗೆ ಕೂರಿಸಿ, ಮನೆಮಂದಿಯನ್ನು ಪಕ್ಕದಲ್ಲಿಟ್ಟು ಕೊನೆಯ ಫೋಟೋ ತೆಗೆಸುವುದು ಅವರಲ್ಲಿ ರೂಢಿ. ಶಹಾಪುರದಲ್ಲಿ ಬಹಳ ವರ್ಷ ಆ ಫೋಟೋ ತೆಗೆದವನು ಜಗದೇವಪ್ಪನೇ. ಇವತ್ತು ಅವನೇ ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ ಗುರುದೇವಿ, ಎಲ್ಲಿ ನೋಡಬೇಕೆಂದು ತಿಳಿಯದೆ, ತನ್ನ ಕೈಗಳನ್ನು ನೋಡಿಕೊಂಡಳು.

“ಊರ ಮಂದೀದೆಲ್ಲ ಫೋಟೋ ತೆಗದಿ, ನಿಂದೊಂದು ತೆಗಸ್ಕೊಳ್ಳಲಿಲ್ಲಲ್ಲೋ ತಮ್ಮಾ,” ಎಂದು ಅವನ ಅಕ್ಕ ಗೊಲ್ಲಾಳಮ್ಮ ಅತ್ತಳು.

“ಆಧಾರ್ ಕಾರ್ಡಿನ್ಯಾಗ ಒಂದು ಅದಲ್ಲ?” ಎಂದರು ಯಾರೋ.

“ಅದು ಬ್ಯಾಡ್ರಪ್ಪ. ಎಮ್ಮಿ ಕದ್ದು ಸಿಕ್ಕಿಬಿದ್ದವ್ರಂಗ ಬಂದಾನ ಅದ್ರಾಗ.”

ಅಳುವವರ ನಡುವೆಯೇ ಒಂದಿಬ್ಬರು ನಕ್ಕು, ಬಾಯಿಗೆ ಸೆರಗು ಹಿಡಿದರು.

“ಚಿಂತಿ ಮಾಡಬ್ಯಾಡ್ರಿ ಅಕ್ಕಾರ,” ಎಂದ ಬಸವಕುಮಾರ ಗುರುದೇವಿಯ ಕಡೆ ತಿರುಗಿ. ಅವನದು ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಸ್ಟುಡಿಯೋ. “ಈ ಫೋಟೋಕ್ಕೇ ಕಣ್ಣು ತೆರಸಿ ಕೊಡ್ತೀನಿ. ಕಂಪ್ಯೂಟರಿನ್ಯಾಗ ಸಣ್ಣ ಕೆಲಸ. ರಾತ್ರಿ ಆಗೂದ್ರಾಗ ಗ್ವಾಡಿಮ್ಯಾಲೆ ಇರ್ತದ.”

“ಯಾರ ಕಣ್ಣು ಹಚ್ಚತಿ?” ಎಂದ ಭೀಮಾಶಂಕರ.

“ನಿಮ್ಮವೇ ಹಚ್ಚೂಣು. ಅಣ್ಣ ತಮ್ಮ, ಗೊತ್ತಾಗಂಗಿಲ್ಲ.”

ಭೀಮಾಶಂಕರ ಕೂಡಲೇ ಕಾಲರ್ ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ಕಣ್ಣರಳಿಸಿದ. ಗುರುದೇವಿ ಮೈದುನನ ಕಣ್ಣುಗಳನ್ನು ದಿಟ್ಟಿಸಿದಳು. ಯಾರು ಬಂದರು, ಯಾರು ಬರಲಿಲ್ಲ ಎಂದು ಬಾಗಿಲ ಕಡೆಗೇ ಓಡುವ ಕಣ್ಣುಗಳು. ಇನ್ನು ಮೇಲೆ ಅವು ಗಂಡನ ಮುಖದಲ್ಲಿ ಕೂತು, ಗೋಡೆಯಿಂದ ತನ್ನನ್ನು ನೋಡುತ್ತವೆ.

“ತಡೀರಿ. ಆಮ್ಯಾಲೆ ಹೇಳ್ತೀನಿ,” ಎಂದಳು.

“ಇದ್ರಾಗ ಹೇಳೂದೇನದ ವೈನಿ? ಕಣ್ಣು ಮುಚ್ಚಿದ ಫೋಟೋ ಹಾಕಿದ್ರ ಮನಿಗಿ ಬಂದವ್ರು ಅಂಜತಾರ. ಮಣ್ಣಿಗಿ ಹೋಗೂದ್ರಾಗ ಹೇಳಿಬಿಡ್ರಿ.”

ಬೇಡ ಎನ್ನಬೇಕೆನಿಸಿತು. ಎನ್ನಲು ತನಗೇನು ಹಕ್ಕು ಎಂದೂ ಅನಿಸಿತು. ಇದೇ ಕೆಲಸವನ್ನು ಬಿಟ್ಟದ್ದಕ್ಕೆ ಗಂಡನೊಡನೆ ವರ್ಷಗಟ್ಟಲೆ ಜಗಳವಾಡಿದವಳು ಅವಳೇ.

*

ಸತ್ತವರ ಕಣ್ಣು ತೆರೆಸುವುದರಲ್ಲಿ ಜಗದೇವಪ್ಪನದು ಹೆಸರಾದ ಕೈ. ಮೊದಲು ಕುಂಚದಿಂದ ಬರೆಯುತ್ತಿದ್ದ, ಆಮೇಲೆ ಕಂಪ್ಯೂಟರ್ ಬಂತು. ಸಗರದ ಸಾಯಬಮ್ಮ ಎಂಬಾಕೆ ಹರೆಯದ ಮಗನ ಫೋಟೋಕ್ಕೆ ಕಣ್ಣು ತೆರೆಸಿಕೊಂಡು ಹೋದವಳು, ಸ್ವಲ್ಪ ದಿನಕ್ಕೇ ಫ್ರೇಮನ್ನು ಸೆರಗಿನಲ್ಲಿ ಸುತ್ತಿಕೊಂಡು ಮರಳಿ ಬಂದಳು.

“ಇವ ನನ್ನ ನೋಡಂಗಿಲ್ರಿ ಯಪ್ಪಾ. ನಾ ಎಲ್ಲಿ ನಿಂತರೂ ಬ್ಯಾರೆ ಕಡೀಗೇ ನೋಡ್ತಾನ. ಮುಚ್ಚಿದ್ದೇ ಕೊಡ್ರಿ. ಮಲಗ್ಯಾನಂತ ತಿಳ್ಕೋತೀನಿ.”

ಅವತ್ತು ಸಂಜೆ, ಗಿರಾಕಿ ಬರುವ ಹೊತ್ತಿಗೆ, ಜಗದೇವಪ್ಪ ಶಟರ್ ಎಳೆದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕೆರೆ ಏರಿಗೆ ಹೋದ. ಅಲ್ಲಿಂದ ನೋಡಿದರೆ ಬೆಟ್ಟದ ಸಾಲು ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ತುಟಿ, ಎದೆ. ಮರುದಿನವೂ ಹೋದ. ಆಮೇಲೆ ದಿನವೂ. ಒಂದು ಫೋಟೋ ತೆಗೆದು, ಬಿಸಿಲು ಹೋಗುವ ತನಕ ಸುಮ್ಮನೆ ಕುಳಿತು ಬರುವುದು. ಸತ್ತವರ ಕಣ್ಣನ್ನು ಮತ್ತೆ ಮುಟ್ಟಲಿಲ್ಲ.

“ಬೆಟ್ಟ ನಿನ್ನೆ ಇದ್ದಂಗ ಇವತ್ತೂ ಇರ್ತದ. ದಿನಾ ಏನ್ ತೆಗೀತೀರಿ?” ಎನ್ನುತ್ತಿದ್ದಳು ಗುರುದೇವಿ.

“ಇರಂಗಿಲ್ಲ. ಬಾ, ನೋಡು.”

“ಹಿಟ್ಟು ನಾದೀನಿ, ನಾಳಿ ಬರ್ತೀನಿ. ಊರ ಮಂದೀದು ತೆರಸಂಗಿಲ್ಲ, ಹೋಗಿ ಆ ಬುದ್ಧನ ಕಣ್ಣರೆ ತೆರಸ್ರಿ.”

ಅವನು ನಕ್ಕ. “ಅವ ಕೇಳಿಲ್ಲ.”

ಮರುದಿನವೂ ಕರೆದ. ಕರೆಯುವುದನ್ನು ಬಿಟ್ಟ ಮೇಲೂ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೇ ಹೋಗುತ್ತಿದ್ದ. ಅವಳು ಬೆನ್ನು ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಮಕ್ಕಳಿಲ್ಲದ ಮನೆ. ಸಂಜೆಗಳನ್ನು ಇಬ್ಬರೂ ಬೇರೆ ಬೇರೆ ಕಡೆ ಕಳೆದರು.

*

ಮಧ್ಯಾಹ್ನ ಇಳಿಯುವಾಗ ಬುದ್ಧಪ್ರಿಯ ಬಂದ. ಲೈನ್‌ಮನ್ ಆಗಿ ನಿವೃತ್ತನಾದವನು, ಬೌದ್ಧ ವಿಹಾರಕ್ಕೆ ನಡೆದುಕೊಳ್ಳುವವನು. ಒಳಗೆ ಬರದೆ ಅಂಗಳದಲ್ಲೇ ಕೈಜೋಡಿಸಿ ನಿಂತ.

“ನಮ್ಮಣ್ಣನ ಕೂಡ ಏರಿ ಮ್ಯಾಲೆ ಕುಂದರ್ತಿದ್ದವ್ರು ನೀವೇ ಏನ್ರಿ?” ಎಂದ ಭೀಮಾಶಂಕರ. “ಲಿಂಗ ಬಿಡಸಿ ಬುದ್ಧನ ಹಿಡಸಿದ್ರೇನು ಮತ್ತ?”

“ಎಲ್ಲಿ ಬಿಡಸಲ್ರಿ? ಅವ್ರು ಅಂಗೈಯಾಗ ಲಿಂಗ ಹಿಡ್ಕೊಂಡೇ ಕುಂದರ್ತಿದ್ರು. ನಾ ಬಂದು ಹೋಗೋ ಉಸುರು ನೋಡ್ಕೋತ ಕುಂದರ್ತಿದ್ದೆ. ಮಾತು ಕಡಿಮಿ.”

ಗುರುದೇವಿ ಎದ್ದು ಹೊಸ್ತಿಲಿಗೆ ಬಂದಳು. “ಅಷ್ಟ್ ದಿನ ಏನ್ ನೋಡಿದ್ರಿ ಅಣ್ಣಾರ?”

“ಬಿಸಲು ಹೋಗೂದು ನೋಡ್ತಿದ್ವಿ ತಂಗಿ. ಮದಲು ಬುದ್ಧನ ಎದಿ ಕಪ್ಪಾಗ್ತದ. ಆಮ್ಯಾಲೆ ತುಟಿ. ಕಡೀಗಿ ಮೂಗಿನ ತುದಿ ಒಂದೇ ಉಳೀತದ. ಅದೂ ಹೋಗ್ತದ. ‘ಹೋತು’ ಅಂತಿದ್ರು, ಎದ್ದು ಮನಿಗಿ ನಡೀತಿದ್ರು. ಒಂದೇ ಹಟ ಇತ್ತು. ಫೋಟೋ ತೆಗಿಯೂವಾಗ ತಮ್ಮ ಬಲಕ್ಕ ನನ್ನ ನಿಂದ್ರಗೊಡತಿದ್ದಿಲ್ಲ. ‘ನೆರಳು ಬೀಳ್ತದ, ಸರೀರಿ’ ಅಂತಿದ್ರು. ತಮ್ಮ ನೆರಳು ಬಿದ್ರ ಮಾತ್ರ ನಡೀತಿತ್ತು.”

ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಗುರುದೇವಿ ಒಳಗೆ ಹೋಗಿ ದೀಪ ಹಾಕಿದಳು. ಗೋಡೆಯುದ್ದಕ್ಕೂ ಕಟ್ಟಿದ ದಾರಕ್ಕೆ ಗಂಡ ಬೆಟ್ಟದ ಫೋಟೋಗಳನ್ನು ಕ್ಲಿಪ್ ಹಾಕಿ ತೂಗಿಬಿಟ್ಟಿದ್ದ. ವಾರಕ್ಕೊಮ್ಮೆ ಅವಳೇ ಧೂಳು ಹೊಡೆದ ಫೋಟೋಗಳು. ಕಣ್ಣಿಟ್ಟು ನೋಡಿದ್ದು ಈಗ. ಬೆನ್ನಿಗಿದ್ದ ಸಂಜೆ ಬಿಸಿಲಿಗೆ ಅವನ ಉದ್ದನೆಯ ನೆರಳು ಎಲ್ಲದರಲ್ಲೂ ಬಿದ್ದಿತ್ತು. ಪಾಸ್‌ಪೋರ್ಟ್ ಫೋಟೋದಲ್ಲಿ ಗಿರಾಕಿಯ ಕಿವಿಯ ಹಿಂದೆ ಚೂರು ನೆರಳು ಕಂಡರೂ ಮತ್ತೊಮ್ಮೆ ತೆಗೆಯುತ್ತಿದ್ದ ಮನುಷ್ಯ! ಒಂದರಲ್ಲೂ ನೆರಳು ನಡುವಿಗೆ ಇರಲಿಲ್ಲ. ಎಡಕ್ಕೆ ಸರಿದು ನಿಂತಿತ್ತು. ಅದರ ಬಲಕ್ಕೆ ಇನ್ನೊಬ್ಬರು ನಿಲ್ಲುವಷ್ಟು ನೆಲ ಖಾಲಿ ಇತ್ತು. ಮಳೆಗಾಲದ ಹಸಿರಿನಲ್ಲಿ, ಬೇಸಿಗೆಯ ಕೆಂಪು ಧೂಳಿನಲ್ಲಿ, ಒಂದೊಂದರಲ್ಲೂ ಖಾಲಿ.

ತಾನೇ ಹಾಗೆ ಅಂದುಕೊಳ್ಳುತ್ತಿದ್ದೇನೆಯೋ ಏನೋ ಎಂದು ಇನ್ನೊಮ್ಮೆ ಮೊದಲಿನಿಂದ ನೋಡುತ್ತ ಬಂದಳು. ಹೊರಗೆ ಭಜನೆಯ ತಾಳ ಎದ್ದಿತು.

*

ಬಾಳೆಗಿಡ, ಚೆಂಡುಹೂ ಕಟ್ಟಿದ ವಿಮಾನದಲ್ಲಿ ಜಗದೇವಪ್ಪನನ್ನು ಕೂರಿಸಿ, ಹೆಗಲ ಮೇಲೆ ಹೊತ್ತು ಮಣ್ಣಿಗೆ ಹೊರಟರು. ಕೆರೆ ಏರಿಯ ತನಕ ಬಂದು ಹೆಂಗಸರು ಮನೆಗೆ ತಿರುಗಬೇಕು.

“ಇಲ್ಲಿ ಇಳಸ್ರಿ,” ಎಂದಳು ಗುರುದೇವಿ.

“ಹೊತ್ತು ಮುಳಗಾಕತ್ತದ ವೈನಿ. ನೀವಿನ್ನ ತಿರಗ್ರಿ.”

“ತಿರಗ್ತೀನಿ. ಬೆಟ್ಟದ ಕಡೆ ಮುಖ ಮಾಡಿ ಇಳಸ್ರಿ. ಎಲ್ಲಾರೂ ಸ್ವಲ್ಪ ಆ ಕಡಿ ಸರೀರಿ.”

ಗೊಲ್ಲಾಳಮ್ಮ ಭೀಮಾಶಂಕರನ ಕಡೆ ಕಣ್ಣು ಬಿಟ್ಟಳು. “ಇಳಸೋ ಸುಮ್ಮನ. ಆಕಿ ಒಂದು ಸರ್ತಿ ಏನರೆ ಕೇಳ್ಯಾಳ.”

ವಿಮಾನ ಇಳಿಸಿದರು. ಗುರುದೇವಿ ಬಸವಕುಮಾರನನ್ನು ಕರೆದಳು.

“ಮನಿಯಾಗಿನ ಫೋಟೋದಾಗ ಕಣ್ಣು ಮುಚ್ಚಿದ್ದೇ ಇರ್ಲಿ. ಅದೇ ಕೊಡು. ಈಗೊಂದು ಹಿಂದಿನಿಂದ ತೆಗಿ.”

“ಹಿಂದಿನಿಂದ ತೆಗದ್ರ ಮುಖ ಬರಂಗಿಲ್ರಿ ಅಕ್ಕಾರ. ಬರೇ ನೆರಳು ಬರ್ತಾವ.”

“ಬರ್ಲಿ.”

ಬಸವಕುಮಾರ ತನ್ನ ನೆರಳು ಅಡ್ಡ ಬೀಳದಂತೆ ಒಂದು ಬದಿಗೆ ಕುಕ್ಕರಗಾಲಲ್ಲಿ ಕೂತ. ವಿಮಾನದಲ್ಲಿ ಕುಳಿತವನ ನೆರಳು ಏರಿಯನ್ನು ಇಳಿದು ನೀರಿನ ಕಡೆಗೆ ಚಾಚಿಕೊಂಡಿತ್ತು. ಗುರುದೇವಿ ಸೆರಗು ಸರಿಮಾಡಿಕೊಂಡು, ವಿಮಾನದ ಬಲಕ್ಕೆ ಹೋಗಿ ನಿಂತಳು. ಎದುರಿಗೆ ಬೆಟ್ಟದ ಎದೆ ಕಪ್ಪಾಗತೊಡಗಿತ್ತು. ತುಟಿಯ ಮೇಲೆ ಇನ್ನೂ ಬಿಸಿಲಿತ್ತು. ಅವಳ ನೆರಳು ಅವನ ನೆರಳಿನ ಪಕ್ಕದ ಖಾಲಿ ನೆಲದ ಮೇಲೆ ಉದ್ದಕ್ಕೆ ಬಿತ್ತು. ಎರಡೂ ಒಟ್ಟಿಗೆ ತೆಳುವಾಗುತ್ತ ಹೋದವು.